ಮನೆಮಾತು: ಮಕ್ಕಳ ಓಲೆಗೆ ಮಾರೋಲೆ

ಈ ತಿಂಗಳು ನಾವು ಒಂದು ತಪ್ಪೊಪ್ಪಿಗೆಯಿಂದಲೇ ಮಾತನ್ನು ಆರಂಭಿಸಬೇಕಾಗಿದೆ. ತಪ್ಪು ಸಣ್ಣದು, ಕಾಯದೆಯ ಯಾವ ಕಲಮಿಗೂ ಸಿಕ್ಕುವಂಥದಲ್ಲ. ಆದರೆ ಅದರ ಫಲವನ್ನು ಉಂಡವಳು ಎಂಟು ವರ್ಷದ ಹುಡುಗಿ. ಆದುದರಿಂದ ಅದನ್ನು ಸಣ್ಣದೆಂದು ತಳ್ಳಿಹಾಕುವ ಧೈರ್ಯವು ನಮಗಿಲ್ಲ.

ಕಳೆದ ಮಳೆಗಾಲದಲ್ಲಿ ನಾವು ಖಾನಾಪುರಕ್ಕೆ, ನಮ್ಮ ತಂಗಿಯ ಮನೆಗೆ ಹೋಗಿದ್ದೆವು. ಬೆಳಗಾವಿಯಿಂದ ಖಾನಾಪುರಕ್ಕೆ ಸುಮಾರು ೨೬ ಕಿಲೋಮೀಟರು ಮಾತ್ರ. ಆದರೆ ಮಳೆಯ ಲೆಕ್ಕದಲ್ಲಿ ಅದು ಬೇರೊಂದು ಸೀಮೆಯೇ ಸರಿ. ಮಲಪ್ರಭೆಯು ಕೆಂಪಾಗಿ ತುಂಬಿ ಹರಿಯುತ್ತಿದ್ದಳು. ಮಕ್ಕಳಿಗೆ ಅಂಗಳಕ್ಕಿಳಿಯಲು ಅಪ್ಪಣೆಯಿರಲಿಲ್ಲ. ಇಂಥ ದಿನಗಳಲ್ಲಿ ಮಗುವಿಗೆ ಪುಸ್ತಕವೇ ಅಂಗಳವಾಗುವದು. ನಮ್ಮ ಸೋದರಸೊಸೆಯು ಕಿಟಕಿಯ ಬಳಿ ಕುಳಿತು, ಬೆಳಗಾವಿಯಲ್ಲಿಯೇ ಇರುವ ಒಬ್ಬ ಲೇಖಕರ ನಗೆಗತೆಗಳನ್ನು ಓದುತ್ತ, ಒಬ್ಬಳೇ ನಗುತ್ತಿದ್ದಳು. ಆ ಲೇಖಕರ ಹೆಸರನ್ನು ನಾವು ಇಲ್ಲಿ ಹೇಳುವದಿಲ್ಲ. ಹೇಳಿದರೆ ಅವರಿಗೆ ಉತ್ತರ ಬರೆಯುವ ಕೆಲಸವು ಇಮ್ಮಡಿಯಾದೀತು.

“ಮಾಮಾ, ಈ ಕತಿ ಬರದವರು ನಿಮ್ಮ ಬೆಳಗಾವ್ಯಾಗ ಇರ್ತಾರಂತಲ್ಲ? ನಾ ಪತ್ರಾ ಬರದರ ಉತ್ತರಾ ಬರೀತಾರೇನು?” ಎಂದು ಕೇಳಿದಳು.

“ಬರೀತಾರವ್ವಾ, ಯಾಕ ಬರೀಲಿಕ್ಕಿಲ್ಲ?” ಎಂದುಬಿಟ್ಟೆವು. ಹಿರಿಯರು ಮಕ್ಕಳಿಗೆ ಮಾತು ಕೊಡುವದು ಹೀಗೆ, ಚಹದ ಬಟ್ಟಲನ್ನು ಕೈಯಲ್ಲಿ ಹಿಡಿದುಕೊಂಡು.

ಅಂದೇ ಸಂಜೆ ಓಲೆಯು ಸಿದ್ಧವಾಯಿತು. ಆ ಪುಸ್ತಕದಲ್ಲಿ ಒಂದು ಕತ್ತೆಯು ಪಾಟಿಚೀಲವನ್ನು ಹೊತ್ತು ಶಾಲೆಗೆ ಹೋಗುವ ಕತೆಯಿದೆ. ಖಾನಾಪುರವು ಮಣ್ಣಿನ ಕೆಲಸಕ್ಕೆ ಹೆಸರಾದ ಊರು. ತಂಗಿಯ ಮನೆಯ ಹಿಂದೆ ಕುಂಬಾರರ ಕತ್ತೆಯೊಂದಿದೆ. ಹುಡುಗಿಯು ವಹಿಯ ಹಾಳೆಯ ಮೇಲೆ ಬರೆದದ್ದು ಇಷ್ಟೇ: ನಿಮ್ಮ ಕತ್ತೆಗೆ ಚೀಲವನ್ನು ಯಾರು ಕೊಟ್ಟರು? ನಮ್ಮ ಹಿತ್ತಿಲ ಕತ್ತೆಗೆ ಚೀಲವಿಲ್ಲ. ಅದಕ್ಕೂ ಶಾಲೆಗೆ ಹೋಗುವ ಮನಸ್ಸಿದೆ. ಅದು ಏನು ಮಾಡಬೇಕು?

ತಂಗಿಯ ಯಜಮಾನರು ಇದನ್ನು ಕಂಡು ಗಾಬರಿಯಾದರು. ಪ್ರಸಿದ್ಧ ಲೇಖಕರಿಗೆ ಹೀಗೆ ಬರೆಯುವದುಂಟೆ? ತಾವೇ ಕುಳಿತು, ‘ತಮ್ಮ ಅಮೂಲ್ಯವಾದ ಕೃತಿಯು ಬಾಲಕರ ನೈತಿಕ ಉನ್ನತಿಗೆ ಅತ್ಯಂತ ಉಪಯುಕ್ತವಾಗಿರುವದು’ ಎಂದು ಆರಂಭವಾಗುವ ಒಂದು ಪತ್ರವನ್ನು ಹೇಳಿ ಬರೆಯಿಸಿದರು. ಅಕ್ಷರಗಳು ಮುತ್ತಿನಂತಿದ್ದವು, ಕತ್ತೆ ಮಾತ್ರ ಎಲ್ಲಿಯೂ ಇರಲಿಲ್ಲ. ಹುಡುಗಿಯ ಮುಖವನ್ನು ನೋಡಲಾರದೆ ನಾವು ಆ ಮೊದಲಿನ ಹಾಳೆಯನ್ನೂ ಗುಟ್ಟಾಗಿ ಲಕೋಟೆಯೊಳಗೆ ಸೇರಿಸಿದೆವು. ಬೆಳಗಾವಿಯಲ್ಲಿ ಟಪಾಲಿಗೆ ಹಾಕಿದರೆ ಬೇಗನೆ ತಲುಪುವದೆಂದು ಹೇಳಿ ಅದನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡು ರೈಲು ಹತ್ತಿದೆವು.

ವಾಚಕರು ಮುಂದಿನದನ್ನು ಊಹಿಸಿರಬಹುದು. ಮೂರು ವಾರಗಳ ತರುವಾಯ ಕೋಟನ್ನು ಅಗಸರ ಮನೆಗೆ ಕಳಿಸುವಾಗ ಲಕೋಟೆಯು ಜೇಬಿನಿಂದ ಹೊರಬಿದ್ದಿತು. ಗಾಬರಿಯಿಂದ ತಂಗಿಗೆ ಫೋನು ಮಾಡಿದೆವು. ಅವಳು ಹೇಳಿದ ಸಂಗತಿಯನ್ನು ಕೇಳಿ ನಮಗೆ ನಾಚಿಕೆಯಾಯಿತು. ಹುಡುಗಿಯು ದಿನಾಲು ಶಾಲೆಯಿಂದ ಬಂದೊಡನೆ “ಟಪಾಲು ಬಂತೇನವ್ವಾ?” ಎಂದು ಕೇಳುತ್ತಿದ್ದಳಂತೆ, ರವಿವಾರದ ದಿನವೂ ಬಾಗಿಲಲ್ಲಿ ನಿಲ್ಲುತ್ತಿದ್ದಳಂತೆ. ಈಚೆಗೆ ಕೇಳುವದನ್ನೇ ಬಿಟ್ಟಿದ್ದಾಳೆ. ಆ ನಗೆಗತೆಯ ಪುಸ್ತಕವನ್ನು ತಾನೇ ಕಪಾಟಿನ ಕೆಳಗಿನ ಸಾಲಿನಲ್ಲಿ ಇಟ್ಟುಬಿಟ್ಟಿದ್ದಾಳೆ.

ಆಗ ನಮಗೆ ನೆನಪಾದವನು ಇಂಗ್ಲಂಡದ ಲೂಯಿಸ್ ಕ್ಯಾರಲ್. ಅವನು ಓಲೆ ಬರೆಯುವ ಕಲೆಯನ್ನು ಕುರಿತು ೧೮೯೦ರಲ್ಲಿ ಒಂದು ಕಿರುಹೊತ್ತಿಗೆಯನ್ನು ಪ್ರಕಟಿಸಿದ್ದಾನೆ. ಬರೆದ ಓಲೆಯನ್ನು ಟಪಾಲಿಗೆ ಒಯ್ಯುವಾಗ ಕೈಯಲ್ಲಿಯೇ ಹಿಡಿದುಕೊಂಡು ಹೋಗಬೇಕು, ಜೇಬಿನಲ್ಲಿಟ್ಟರೆ ಟಪಾಲು ಕಚೇರಿಯನ್ನು ಎರಡು ಸಲ ದಾಟಿ ಹೋದರೂ ಅದು ಮನೆಗೇ ಮರಳಿ ಬರುವದು ಎಂಬ ಎಚ್ಚರಿಕೆಯು ಅದರಲ್ಲಿದೆ. ಈ ಮಾತನ್ನು ನಾವು ಹಿಂದೆಯೇ ಓದಿ ನಕ್ಕಿದ್ದೆವು. ನಕ್ಕ ಮಾತುಗಳನ್ನೆಲ್ಲ ಪಾಲಿಸಿದ್ದರೆ ನಾವು ಎಷ್ಟೋ ಜಾಣರಾಗಿರುತ್ತಿದ್ದೆವು!

ಈ ಕ್ಯಾರಲನ ನಿಜವಾದ ಹೆಸರು ಚಾರ್ಲ್ಸ್ ಲಟ್‌ವಿಜ್ ಡಾಡ್ಜ್‌ಸನ್. ಹುಟ್ಟಿದ್ದು ೧೮೩೨ರಲ್ಲಿ, ಆಕ್ಸ್‌ಫರ್ಡಿನ ಕ್ರೈಸ್ಟ್ ಚರ್ಚ್ ಕಾಲೇಜಿನಲ್ಲಿ ಗಣಿತದ ಅಧ್ಯಾಪಕ. ೧೮೬೨ನೆಯ ಜುಲೈ ೪ರಂದು ದೋಣಿಯಲ್ಲಿ ವಿಹರಿಸುತ್ತ ಆಲಿಸ್ ಲಿಡೆಲ್ ಎಂಬ ಬಾಲಿಕೆಗೂ ಅವಳ ಇಬ್ಬರು ಸೋದರಿಯರಿಗೂ ಅವನು ಹೇಳಿದ ಕತೆಯು ೧೮೬೫ರಲ್ಲಿ ಅಚ್ಚಾಗಿ ಲೋಕವನ್ನೇ ನಗಿಸಿತು. ಅದನ್ನೇ ನಮ್ಮ ನಾ. ಕಸ್ತೂರಿಯವರು ‘ಪಾತಾಳದಲ್ಲಿ ಪಾಪಚ್ಚಿ’ ಎಂದು ಕನ್ನಡಕ್ಕೆ ತಂದರು. ಆಲಿಸಳು ಹೀಗೆ ಪಾಪಚ್ಚಿಯಾಗಿ ನಮ್ಮ ಮನೆಗಳ ಮಗುವೂ ಆದಳು.

ಕ್ಯಾರಲನಿಗೆ ಮಾತು ತೊದಲುತ್ತಿತ್ತು. ಬರವಣಿಗೆಯಲ್ಲಿ ಆ ತೊದಲು ಇರಲಿಲ್ಲ. ಮಕ್ಕಳಿಗೆ ಅವನು ಬರೆದ ಓಲೆಗಳ ಪರಿಯೇ ಬೇರೆ. ಕೆಲವನ್ನು ಕನ್ನಡಿಗೆ ಹಿಡಿದರೆ ಮಾತ್ರ ಓದಬಹುದಾಗಿತ್ತು. ಕೆಲವನ್ನು ಕಡೆಯ ಪದದಿಂದ ಹಿಂದಕ್ಕೆ ಓದುತ್ತ ಬರಬೇಕಾಗಿತ್ತು. ಕೆಲವು ಟಪಾಲು ಟಿಕೀಟಿನಷ್ಟೇ ಚಿಕ್ಕವು. ಕೆಲವುಗಳಲ್ಲಿ ಪದಗಳ ಎಡೆಯಲ್ಲಿ ಚಿತ್ರಗಳು. ಗರ್ಟ್ರೂಡ್ ಚಾಟವೆ ಎಂಬ ಬಾಲಿಕೆಯು ಪ್ರತಿ ಓಲೆಯಲ್ಲಿಯೂ ಅಕ್ಕರೆಯ ಮುತ್ತುಗಳನ್ನು ಕಳಿಸುತ್ತಿದ್ದಳು. ೧೮೭೫ರಲ್ಲಿ ಅವನು ಅವಳಿಗೆ ದೂರಿಕೊಂಡನು: ಈ ಮುತ್ತುಗಳಿಂದ ಲಕೋಟೆಯ ತೂಕವು ಹೆಚ್ಚಾಗಿ, ಟಪಾಲಿನವನು ಎರಡು ಪೌಂಡು ಹೆಚ್ಚಿನ ಹಾಸಲನ್ನು ಕೇಳಿದನೆಂದು! ಕನ್ನಡದಲ್ಲಾದರೆ ಈ ವಿನೋದವು ಇನ್ನೂ ಸೊಗಸು. ಮುತ್ತೆಂದರೆ ನಮ್ಮ ಟಪಾಲಿನವರು ಕಡಲ ಮುತ್ತೆಂದೇ ತಿಳಿದು ಲಕೋಟೆಗೆ ವಿಮೆಯನ್ನೂ ಇಳಿಸಿಯಾರು.

ಆದರೆ ನಮ್ಮನ್ನು ಹೆಚ್ಚು ಬೆರಗುಗೊಳಿಸುವದು ಈ ವಿನೋದವಲ್ಲ, ಅದರ ಹಿಂದಿನ ಶಿಸ್ತು. ೧೮೬೧ನೆಯ ಜನವರಿ ೧ರಿಂದ ಅವನು ಒಂದು ವಹಿಯನ್ನಿಟ್ಟನು. ಬಂದ ಓಲೆ, ಬರೆದ ಓಲೆ, ಎರಡಕ್ಕೂ ಅದರಲ್ಲಿ ಒಂದೊಂದು ಅಂಕೆ. ಜೊತೆಗೆ ಅದರ ಸಾರಾಂಶ. ೧೮೯೮ರ ಜನವರಿಯಲ್ಲಿ ಅವನು ತೀರಿಕೊಂಡಾಗ ಕೊನೆಯ ಅಂಕೆಯು ೯೮,೭೨೧ ಆಗಿತ್ತು. ಮೂವತ್ತೇಳು ವರ್ಷಗಳಿಗೆ ಹಂಚಿದರೆ ದಿನಕ್ಕೆ ಏಳಕ್ಕಿಂತ ಹೆಚ್ಚು! ಹಿರಿಯರ ಓಲೆಗೂ ಮಗುವಿನ ಓಲೆಗೂ ಇದ್ದುದು ಒಂದೇ ವಹಿ. ಮಗುವನ್ನು ನಗಿಸುವವನು ಮಗುವಿನ ಮಾತನ್ನು ನಗೆಯಾಗಿ ಎಣಿಸಬಾರದು ಎಂಬ ತತ್ವವನ್ನು ಅವನು ಅಂಕೆಗಳಲ್ಲಿಯೇ ಬರೆದಿಟ್ಟನೆನ್ನಬೇಕು.

ಅವನ ಆ ಕಿರುಹೊತ್ತಿಗೆಯ ಬೇರೆ ಕೆಲವು ಬುದ್ಧಿಮಾತುಗಳೂ ಮನೆವಾರ್ತೆಯವರಿಗೆ ಉಪಯೋಗವಾಗುವಂಥವು. ಉತ್ತರ ಬರೆಯುವ ಮೊದಲು ಬಂದ ಓಲೆಯನ್ನು ಮತ್ತೊಮ್ಮೆ ಓದಬೇಕು. ವಿಳಾಸವನ್ನು ಬರೆದು ಟಿಕೀಟನ್ನು ಹಚ್ಚುವದು ಮೊದಲು, ಓಲೆ ಬರೆಯುವದು ಆಮೇಲೆ. ಇಲ್ಲವಾದರೆ ಟಪಾಲಿನ ಹೊತ್ತು ಮೀರುವಾಗ ವಿಳಾಸಕ್ಕಾಗಿ ಹುಡುಕಾಟ ತಪ್ಪದು. ಅಕ್ಷರವು ಓದುವಂತಿರಬೇಕು. ತಡವಾದುದಕ್ಕೆ ಕ್ಷಮೆ ಬೇಡುವದರಲ್ಲಿಯೇ ಒಂದೂವರೆ ಪುಟಕ್ಕಿಂತ ಹೆಚ್ಚನ್ನು ಮುಗಿಸಬಾರದು. ಓದುವವರನ್ನು ಕೆರಳಿಸಬಹುದಾದ ಓಲೆಯನ್ನು ಮರುದಿನದವರೆಗೆ ಇಟ್ಟು, ತಾನೇ ಅದನ್ನು ಪಡೆದವನೆಂದು ಭಾವಿಸಿ ಓದಿ ನೋಡಬೇಕು. ಈ ಕೊನೆಯದನ್ನು ಫೋನಿನಲ್ಲಿ ಕ್ಷಣಕ್ಕೊಂದು ಸಂದೇಶವನ್ನು ಕಳಿಸುವ ನಮ್ಮ ಕಾಲದವರು ಗೋಡೆಗೆ ಬರೆದು ತೂಗುಹಾಕಿದರೂ ತಪ್ಪಾಗದು.

ಕನ್ನಡ ನಾಡಿನಲ್ಲಿಯೂ ಈ ಧರ್ಮವನ್ನು ನಡೆಸಿದವರಿದ್ದಾರೆ. ೧೯೩೬ರಲ್ಲಿ ಮಕ್ಕಳಿಗಾಗಿ ‘ಬಾಲಪ್ರಪಂಚ’ದ ಸಂಪುಟಗಳನ್ನು ತಂದ ಶಿವರಾಮ ಕಾರಂತರು ತಮಗೆ ಬಂದ ಓಲೆಗಳಿಗೆ ತಪ್ಪದೆ ಉತ್ತರ ಬರೆಯುವದರಲ್ಲಿ ಹೆಸರಾಗಿದ್ದರು. ಕಾದಂಬರಿ, ಯಕ್ಷಗಾನ, ವಿಜ್ಞಾನ ಎಂದು ಹತ್ತು ಕೆಲಸಗಳನ್ನು ಮೈಮೇಲೆ ಹಾಕಿಕೊಂಡವರಿಗೆ ಇದಕ್ಕೆ ಬಿಡುವೆಲ್ಲಿತ್ತೆಂದು ಕೇಳಬಹುದು. ಕೆಲಸವಿದ್ದವರಿಗೇ ಬಿಡುವು ದೊರೆಯುವದೆಂಬದು ನಮ್ಮ ಅನುಭವ. ನಮ್ಮಂಥವರಿಗೆ ದೊರೆಯುವದು ನೆವ ಮಾತ್ರ. ಇನ್ನು ನಗೆಗಾರರಲ್ಲಿ ಬೀಚಿಯವರನ್ನು ಮರೆಯಲಾಗದು. ದೊಡ್ಡವರಿಗಾಗಿ ಬರೆದವರಾದರೂ ‘ಸುಧಾ’ ವಾರಪತ್ರಿಕೆಯಲ್ಲಿ ಓದುಗರ ಎಂಥ ಪ್ರಶ್ನೆಗೂ ಒಂದೆರಡು ಸಾಲಿನಲ್ಲಿ ಉತ್ತರ ಹೇಳಿ ‘ಉತ್ತರಭೂಪ’ರೆನಿಸಿದರು. ಕೇಳಿದವನ ಹೆಸರು ಅಚ್ಚಿನಲ್ಲಿ ಬಂದ ದಿನ ಆ ಮನೆಯಲ್ಲಿ ಹಬ್ಬವೇ ಸರಿ.

ಗೃಹಸ್ಥರಾದ ನಮ್ಮ ವಾಚಕರು ಇಲ್ಲಿ ಒಂದು ಪ್ರಶ್ನೆಯನ್ನು ಕೇಳಬಹುದು: ಗುರುತಿಲ್ಲದವರಿಗೆ ಮಕ್ಕಳು ಓಲೆ ಬರೆಯುವದು ತಕ್ಕದ್ದೆ? ಪ್ರಶ್ನೆಯು ಯುಕ್ತವಾಗಿದೆ. ಕ್ಯಾರಲನು ಬಾಲಿಕೆಯರೊಡನೆ ಬೆಳೆಸಿದ ಸ್ನೇಹವನ್ನು ಕುರಿತು ಕೂಡ ಈಚಿನ ಚರಿತ್ರಕಾರರು ಸಂದೇಹಗಳನ್ನೆತ್ತಿ ಚರ್ಚಿಸಿದ್ದಾರೆ. ಆದುದರಿಂದ ಓಲೆಯು ಯಾರಿಗೆ ಹೋಗುವದು, ಉತ್ತರದಲ್ಲಿ ಏನು ಬಂದಿದೆ ಎಂಬದು ತಂದೆತಾಯಿಗಳಿಗೆ ತಿಳಿದಿರಲೇಬೇಕು. ಮನೆಯಲ್ಲಿ ಎಲ್ಲರೆದುರಿಗೆ ಓದಲಾಗದ ಓಲೆಯು ಮಗುವಿಗೆ ಬರಬೇಕಾದುದಲ್ಲ. ಸಾಧ್ಯವಾದರೆ ಪುಸ್ತಕವನ್ನು ಪ್ರಕಟಿಸಿದವರ ವಿಳಾಸಕ್ಕೇ ಬರೆಯುವದು ಉತ್ತಮ.

ಆದರೆ ಕಾವಲಿರುವದು ಬೇರೆ, ಕೈಹಿಡಿದು ಬರೆಯಿಸುವದು ಬೇರೆ. ಮಗುವಿನ ಓಲೆಯನ್ನು ನಾವು ತಿದ್ದಿದರೆ ಅದು ನಮ್ಮ ಓಲೆಯಾಗುವದು. ಅದಕ್ಕೆ ಬರುವ ಉತ್ತರವೂ ನಮಗೇ ಬಂದಂತಾಗುವದು. ಕಾಗುಣಿತದ ತಪ್ಪು ಇದ್ದರೆ ಇರಲಿ. ಗಡಿಯ ಊರುಗಳಲ್ಲಿ ಕನ್ನಡದ ನಡುವೆ ಮರಾಠಿಯ ಒಂದು ಮಾತು ನುಸುಳಿದರೆ ನುಸುಳಲಿ. ಹಿರಿಯರು ತಿದ್ದಬೇಕಾದುದು ವಿಳಾಸವನ್ನು ಮಾತ್ರ. ಬೆಳಗಾವಿಯ ಮುಖ್ಯ ಟಪಾಲು ಕಚೇರಿಯ ಸೀಮೆಗೆ ೫೯೦೦೦೧, ಖಾನಾಪುರಕ್ಕೆ ೫೯೧೩೦೨ ಎಂದು ಆರಂಕಿಯ ಪಿನ್ ಸಂಖ್ಯೆಯನ್ನು ಸರಿಯಾಗಿ ಬರೆಯಿಸಿದರೆ ಸಾಕು. ೧೯೭೨ರಿಂದ ಬಂದ ಈ ಅಂಕೆಗಳು ಓಲೆಯ ದಾರಿಯನ್ನು ಎಷ್ಟೋ ಸುಗಮಗೊಳಿಸಿವೆ. ನಮ್ಮ ದೇಶದಲ್ಲಿ ೧೮೭೯ರಿಂದ ನಡೆದುಬಂದಿರುವ ಟಪಾಲು ಕಾರ್ಡು ಇಂದಿಗೂ ಒಂದು ಬಟ್ಟಲು ಚಹಕ್ಕಿಂತ ಅಗ್ಗ. ಇನ್ನು ಉಳಿದದ್ದು ಹಿರಿಯರ ಜೇಬು ಮಾತ್ರ. ಅದಕ್ಕೆ ಇಲಾಖೆಯವರು ಯಾವ ಅಂಕೆಯನ್ನೂ ಕೊಟ್ಟಿಲ್ಲ.

ಅಂತೂ ನಾವು ಆ ಲಕೋಟೆಯನ್ನು ಕೈಯಲ್ಲಿಯೇ ಹಿಡಿದುಕೊಂಡು ಹೋಗಿ ಟಪಾಲಿಗೆ ಹಾಕಿದೆವು. ಅದರೊಡನೆ ನಮ್ಮ ಅಪರಾಧವನ್ನು ಒಪ್ಪಿ ಲೇಖಕರಿಗೆ ನಾಲ್ಕು ಸಾಲು ಬರೆದೆವು. ಹುಡುಗಿಗೂ ಒಂದು ಕಾರ್ಡನ್ನು ಬರೆದು, ‘ತಪ್ಪು ಅವರದಲ್ಲ, ನಿನ್ನ ಮಾಮಾನದು’ ಎಂದು ತಿಳಿಸಿದೆವು. ಎಂಟು ವರ್ಷದವಳ ಮುಂದೆ ತಪ್ಪನ್ನು ಒಪ್ಪಿಕೊಳ್ಳುವದು ಇಷ್ಟು ಕಠಿಣವಾದೀತೆಂದು ನಮಗೆ ಗೊತ್ತಿರಲಿಲ್ಲ. ಮೂರು ಕಾರ್ಡುಗಳು ಹರಿದುಹೋದವು.

ಒಂಬತ್ತನೆಯ ದಿನ ಖಾನಾಪುರಕ್ಕೆ ಉತ್ತರ ಬಂದಿತು. ಲಕೋಟೆಯ ಮೇಲೆ ಹುಡುಗಿಯ ಹೆಸರಿತ್ತು. ಒಳಗಿನ ಓಲೆಯು ಮಾತ್ರ ‘ಹಿತ್ತಿಲ ಕತ್ತೆಯವರಿಗೆ’ ಬರೆದುದಾಗಿತ್ತು. ಶಾಲೆಗೆ ಸೇರಬೇಕಾದರೆ ಹಾಜರಿಯನ್ನು ಮೆಲ್ಲಗೆ ಹೇಳುವದನ್ನು ಕಲಿಯಬೇಕು, ಪುಸ್ತಕವನ್ನು ಓದಬೇಕೇ ಹೊರತು ಮೇಯಬಾರದು, ಚೀಲವನ್ನು ನಿಮ್ಮ ಗೆಳತಿಯು ಹೊಲಿಸಿಕೊಡುವಳು ಎಂದು ಮೂರು ಷರತ್ತುಗಳಿದ್ದವು. ನೈತಿಕ ಉನ್ನತಿಯ ಪತ್ರಕ್ಕೆ ಕೆಳಗಡೆ ‘ತಂದೆಯವರಿಗೆ ನಮಸ್ಕಾರ’ ಎಂಬ ಎರಡೇ ಪದಗಳು. ಬರೆದವಳು ಯಾರು, ಬರೆಯಿಸಿದವರು ಯಾರೆಂಬದನ್ನು ಆ ಲೇಖಕರು ಒಂದು ನೋಟದಲ್ಲಿಯೇ ಕಂಡುಕೊಂಡಿದ್ದರು. ತಂಗಿಯ ಯಜಮಾನರು ಒಳ್ಳೆಯವರು. ಅದನ್ನು ಓದಿ ತಾವೂ ನಕ್ಕರಂತೆ. ಓಲೆಯನ್ನು ಕತ್ತೆಗೆ ಓದಿಹೇಳಲು ಮಗಳೊಡನೆ ಹಿತ್ತಿಲಿಗೂ ಹೋದರಂತೆ.

ಪುಸ್ತಕವು ಕಪಾಟಿನ ಕೆಳಗಿನ ಸಾಲಿನಿಂದ ಮತ್ತೆ ತಲೆದಿಂಬಿನ ಬಳಿಗೆ ಬಂದಿದೆ. ಇಷ್ಟಾದರೂ ಆ ಮೂರು ವಾರಗಳ ಕಾಯುವಿಕೆಯನ್ನು ಅವಳಿಗೆ ಮರಳಿ ಕೊಡಲು ನಮ್ಮಿಂದಾಗದು. ದೊಡ್ಡವರ ಮೂರು ವಾರಗಳು ಕಣ್ಣುಮುಚ್ಚಿ ತೆರೆಯುವದರೊಳಗೆ ಕಳೆಯುವವು. ಎಂಟು ವರ್ಷದವರಿಗೆ ಅದೊಂದು ಇಡೀ ಋತು. ಆ ಋತುವಿನಲ್ಲಿ ಅವಳು ಒಬ್ಬ ಸಜ್ಜನರನ್ನು ಸುಮ್ಮನೆ ಅಪನಂಬಿದಳು. ಅದಕ್ಕೆ ಕಾರಣ ನಮ್ಮ ಜೇಬು.

ಮೊನ್ನೆ ಮತ್ತೆ ಖಾನಾಪುರಕ್ಕೆ ಹೋದಾಗ ಎರಡನೆಯ ಓಲೆಯು ಸಿದ್ಧವಾಗಿತ್ತು. ನಾವು ಸಹಜವಾಗಿ ಕೈಚಾಚಿದೆವು. ಹುಡುಗಿಯು ಲಕೋಟೆಯನ್ನು ಬೆನ್ನ ಹಿಂದೆ ಹಿಡಿದುಕೊಂಡು ಬಹಳ ಮರ್ಯಾದೆಯಿಂದ ಹೇಳಿದಳು: “ಬ್ಯಾಡ ಮಾಮಾ, ನಿಮಗ್ಯಾಕ ತ್ರಾಸ? ಟಪಾಲ ಡಬ್ಬಿಗೆ ನಾನೇ ಹಾಕಿ ಬರ್ತೀನಿ. ನೀವು ಕೊಡೀ ಹಿಡಕೊಂಡು ಸಂಗಾಟ ಬರ್ರಿ.”

ನಾವು ಕೊಡೆಯನ್ನು ಹಿಡಿದುಕೊಂಡು ಹೋದೆವು.