ನಾಯಿ ನಮ್ಮದು, ಬೀದಿ ಎಲ್ಲರದು

ನಾಸಿಕದ ಗಂಗಾಪುರ ರಸ್ತೆಯಲ್ಲಿದ್ದಾಗ ನಮ್ಮ ಕರಿಯನನ್ನು ಬೆಳಿಗ್ಗೆ ಏಳಕ್ಕೆ ಸುತ್ತಾಡಿಸಿದರೂ ನಡೆಯುತ್ತಿತ್ತು. ವರ್ಗವಾಗಿ ಛತ್ರಪತಿ ಸಂಭಾಜಿನಗರಕ್ಕೆ ಬಂದ ಮೇಲೆ ಬೇಸಿಗೆಯಲ್ಲಿ ಐದೂವರೆಗೇ ಹೊರಡಬೇಕು. ಮರಾಠವಾಡದ ಬಿಸಿಲು ಡಾಂಬರನ್ನು ಬೇಗ ಕಾಯಿಸುತ್ತದೆ. ನಮ್ಮ ಕೈಯನ್ನು ರಸ್ತೆಗೆ ಒತ್ತಿ ಐದಾರು ಸೆಕೆಂಡು ಇಡಲಾಗದಿದ್ದರೆ ನಾಯಿಯ ಪಾದಕ್ಕೂ ಆ ರಸ್ತೆ ಆಗದು. ಇಂಥ ಊರಿನಲ್ಲಿ ಹಸ್ಕಿ ಸಾಕುವವರನ್ನು ಕಂಡಾಗ ಆ ನಾಯಿಯ ಮೇಲೆ ಕರುಣೆ ಬರುತ್ತದೆ. ಕರಿಯ ಬೀದಿಯ ಜಾತಿ, ಹೇಗೋ ತಡೆದುಕೊಳ್ಳುತ್ತಾನೆ. ಮನೆಯವರನ್ನು ಬಿಟ್ಟರೆ ನಮ್ಮ ಕಟ್ಟಡದಲ್ಲಿ ಕನ್ನಡ ತಿಳಿಯುವವನು ಅವನೊಬ್ಬನೇ.

ಬಂದ ಎರಡನೇ ತಿಂಗಳಲ್ಲೇ ಸೊಸೈಟಿಯ ಸಭೆಯಲ್ಲಿ ನಾಯಿಗಳಿಗೆ ಲಿಫ್ಟ್ ಬಂದ್ ಮಾಡಬೇಕೆಂಬ ಮಾತು ಎದ್ದಿತು. ನಾನು ತಯಾರಾಗಿಯೇ ಹೋಗಿದ್ದೆ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಬಹುಮತವಿದ್ದರೂ ಸೊಸೈಟಿಯೊಂದು ಸಾಕುನಾಯಿಯನ್ನು ನಿಷೇಧಿಸುವಂತಿಲ್ಲ, ಲಿಫ್ಟನ್ನೂ ನಿರಾಕರಿಸುವಂತಿಲ್ಲ. ಕಾಗದ ಓದಿದೆ, ಗೆದ್ದೆ.

ಮರುದಿನ ಮೂರನೇ ಮಹಡಿಯ ಆಜಿ ಮೆಟ್ಟಿಲಲ್ಲಿ ಸಿಕ್ಕರು. ಮೊಮ್ಮಗನಿಗೆ ಹಿಂದಿನ ವರ್ಷ ಬೀದಿನಾಯಿ ಕಚ್ಚಿತ್ತಂತೆ. ಸೂಜಿ ಚುಚ್ಚಿಸಿಕೊಂಡು ಬಂದ ಮೇಲೆ ಯಾವ ನಾಯಿ ಕಂಡರೂ ಅಜ್ಜಿಯ ಸೀರೆಯ ಹಿಂದೆ ಅಡಗುತ್ತಾನಂತೆ. 'ಕಾಯದಾ ಬರೋಬರ್ ಆಹೆ, ಪಣ್ ಪೋರಗಾ ಘಾಬರತೋ' ಎಂದರು. ಕಾಯಿದೆ ಸರಿಯೇ, ಆದರೆ ಹುಡುಗ ಹೆದರುತ್ತಾನೆ. ಸಭೆಯಲ್ಲಿ ಯಾರಿಗೂ ಸೋಲದ ನಾನು ಆ ಒಂದು ಮಾತಿಗೆ ಸೋತೆ. ಅಂದಿನಿಂದ ಆ ಹುಡುಗ ಲಿಫ್ಟಿನಲ್ಲಿದ್ದರೆ ನಾನೂ ಕರಿಯನೂ ಕಾಯುತ್ತೇವೆ.

ನಾಯಿ ಸಾಕುವ ನಮ್ಮಂಥವರು ಹಕ್ಕಿನ ಮಾತನ್ನು ಚೆನ್ನಾಗಿ ಕಲಿತಿದ್ದೇವೆ. ಆ ಹಕ್ಕು ನಿಲ್ಲುವುದು ಅಕ್ಕಪಕ್ಕದವರ ಸಹನೆಯ ಮೇಲೆ ಎಂಬುದನ್ನು ಕಲಿತಿಲ್ಲ. ಈ ಊರಿನ ಎಷ್ಟೋ ಬಡಾವಣೆಗಳಲ್ಲಿ ನಲ್ಲಿ ನೀರು ಬರುವುದೇ ಕೆಲವು ದಿನಗಳಿಗೊಮ್ಮೆ. ನಮ್ಮ ನಾಯಿಯ ಹೇಲನ್ನು ರಸ್ತೆಯಲ್ಲಿ ಬಿಟ್ಟು ಬಂದರೆ ಅದನ್ನು ತೊಳೆಯಲು ಯಾರ ಮನೆಯ ನೀರು ಬೇಕು? ಬೆಳಿಗ್ಗೆ ಕಸ ಗುಡಿಸುವ ಬಾಯಿಯೇ ಅದನ್ನು ಎತ್ತಬೇಕು. ಹಳೆಯ ಪೇಪರಿನ ಚೂರೊಂದನ್ನು ಜೇಬಿನಲ್ಲಿಟ್ಟುಕೊಂಡು ಹೋಗುವುದು ದೊಡ್ಡ ತ್ಯಾಗವೇನಲ್ಲ.

2025ರಲ್ಲಿ ಬೀದಿನಾಯಿಗಳ ಚರ್ಚೆ ದೇಶವನ್ನೇ ಎರಡು ಪಾಲು ಮಾಡಿತು. ಆಗಸ್ಟ್ 11ರಂದು ಸುಪ್ರೀಂ ಕೋರ್ಟು ದೆಹಲಿಯ ಬೀದಿನಾಯಿಗಳನ್ನೆಲ್ಲ ಹಿಡಿದು ಆಶ್ರಯತಾಣಗಳಲ್ಲಿ ಇಡಲು ಹೇಳಿತು. ಆಗಸ್ಟ್ 22ರಂದು ಅದನ್ನು ಬದಲಿಸಿ, ರೇಬಿಸ್ ತಗುಲಿದವು ಮತ್ತು ಮೇಲೆರಗುವವನ್ನು ಬಿಟ್ಟು ಉಳಿದವನ್ನು ಸಂತಾನಹರಣ ಮಾಡಿಸಿ, ಲಸಿಕೆ ಹಾಕಿಸಿ, ಹಿಡಿದ ಜಾಗದಲ್ಲೇ ಬಿಡಬೇಕೆಂದಿತು. ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಿಂದ ನಾಯಿಗಳನ್ನು ತೆಗೆಯಲು ಆದೇಶಿಸಿತು. ಸಾಕುವವರು ಇದೆಲ್ಲ ಬೀದಿಯ ವಿಷಯ, ನಮಗೆ ಸಂಬಂಧವಿಲ್ಲ ಎಂದುಕೊಂಡೆವು.

ಸಂಬಂಧ ಇದೆ. ಸಂತಾನಹರಣ ಮಾಡಿಸದೆ ಗೇಟಿನಾಚೆ ಬಿಟ್ಟ ಸಾಕುನಾಯಿಯ ಮರಿಗಳು ಬೀದಿಯಲ್ಲೇ ಬೆಳೆಯುತ್ತವೆ. ವರ್ಗಾವಣೆ ಬಂದಾಗ ಬಿಟ್ಟುಹೋದ ನಾಯಿಯೂ ಬೀದಿಗೇ ಸೇರುತ್ತದೆ. ಸಾಗಿಸುವುದು ಸುಲಭವಲ್ಲ, ಒಪ್ಪುತ್ತೇನೆ. ರೈಲಿನಲ್ಲಿ ಜೊತೆಗೇ ಕೂರಿಸಿಕೊಳ್ಳಬೇಕೆಂದರೆ ಎಸಿ ಪ್ರಥಮ ದರ್ಜೆಯ ಇಡೀ ಕೂಪೆ ಬುಕ್ ಮಾಡಬೇಕು, ಇಲ್ಲವೇ ಅದು ಗಾರ್ಡಿನ ಬೋಗಿಯ ಪೆಟ್ಟಿಗೆಯಲ್ಲಿ ಬರಬೇಕು. ಕರಿಯನಿಗಾಗಿ ನಾವು ಕಾರು ಮಾಡಿಕೊಂಡೇ ಬಂದೆವು. ಆ ಖರ್ಚು ಆಗದು ಎನ್ನುವವರು ಮರಿ ತರುವ ದಿನವೇ ಯೋಚಿಸಬೇಕಿತ್ತು.

ಇಲ್ಲಿನ ಸಾತಾರಾ ಭಾಗದಲ್ಲಿ ಖಂಡೋಬನ ಗುಡಿಯಿದೆ. ನಮ್ಮ ಮೈಲಾರಲಿಂಗನೇ ಇಲ್ಲಿ ಖಂಡೋಬ. ಅಲ್ಲಿಯ ಗೊರವರು ದೇವರ ನಾಯಿಗಳೆನಿಸಿ ದೋಣಿಯಲ್ಲಿ ಉಣ್ಣುತ್ತಾರೆ, ಇಲ್ಲಿ ಅದೇ ಸೇವೆ ವಾಘ್ಯಾಗಳದು. ಭಂಡಾರ ಹಚ್ಚಿಕೊಂಡವರಿಗೆ ನಾಯಿ ಅನ್ಯವಲ್ಲ. ಆದರೆ ಆ ನಾಯಿಗೊಬ್ಬ ಒಡೆಯನಿದ್ದಾನೆ, ಅದರ ನಡವಳಿಕೆಗೆ ಅವನೇ ಹೊಣೆ. ನಗರದ ನಾಯಿಗೆ ಬೇಕಾದದ್ದೂ ಅಂಥ ಒಡೆಯನೇ: ಕೈಯಲ್ಲಿ ಹಗ್ಗ, ತಪ್ಪದೆ ರೇಬಿಸ್ ಲಸಿಕೆ, ಪಾಲಿಕೆಯಲ್ಲಿ ನೋಂದಣಿ. ಕೈಲಾದರೆ ಗೇಟಿನ ಬಳಿಯ ಒಂದು ಬೀದಿನಾಯಿಯ ಸಂತಾನಹರಣವನ್ನೂ ನಾವೇ ಮುಂದೆ ನಿಂತು ಮಾಡಿಸಬಹುದು. ನಾಯಿಯನ್ನು ಪ್ರೀತಿಸುವವರಲ್ಲದೆ ಇನ್ಯಾರು ಅದನ್ನು ಮಾಡಿಯಾರು?

ಮೊನ್ನೆ ಆ ಹುಡುಗ ಮೆಟ್ಟಿಲ ಮೇಲಿಂದಲೇ ಅವನ ಹೆಸರು ಕೇಳಿದ. ಹೇಳಿದೆ. 'ಕರಿಯಾ, ಬಸ್' ಎಂದ. ಮರಾಠಿ ತಿಳಿಯದ ಕರಿಯ ನನ್ನ ಮುಖ ನೋಡಿದ. 'ಕೂತ್ಕೋ' ಎಂದೆ, ಕೂತ. ಹುಡುಗ ಎರಡು ಮೆಟ್ಟಿಲು ಕೆಳಗಿಳಿದು ನಿಂತ. ಸಭೆಯಲ್ಲಿ ಓದಿದ ಕಾಗದದಿಂದ ಆ ಎರಡು ಮೆಟ್ಟಿಲು ಸಿಗುತ್ತಿರಲಿಲ್ಲ.