ಮೈ ಮುಟ್ಟೋದು ನಾವು, ಮಷಿನು ಮುಟ್ಟೋದು ಅವರಾ?



ಸಿ.ಟಿ. ಸ್ಕ್ಯಾನ್ ಕಲಿಯಲು ಸೇರಿದ ನಮ್ಮ ಹುಡುಗ ಹುಡುಗಿಯರನ್ನು ಒಂದು ಪ್ರಶ್ನೆ ಕೇಳಿ ನೋಡಿ: ಪೋಸ್ಟಿಂಗ್‌ನಲ್ಲಿ ಏನು ಮಾಡಿದಿ? ಸ್ಟ್ರೆಚರ್ ತಳ್ಳಿದೆ ಅಂತಾರೆ. ಮುದುಕರನ್ನು ಎತ್ತಿ ಟೇಬಲ್ ಮೇಲೆ ಮಲಗಿಸಿದೆ. ವಾಂತಿ ಒರೆಸಿದೆ. ಫಿಲ್ಮಿನ ಕವರು ಮೇಲಿನ ಮಹಡಿಗೆ ಕೊಟ್ಟು ಬಂದೆ. ಚಹಾ ತಂದೆ. ಸರಿ, ಕನ್ಸೋಲ್ ಮುಂದೆ ಕೂತೆಯಾ? ಇಲ್ಲ, ಹಿಂದೆ ನಿಂತು ನೋಡಿದೆ.

ನೋಡಿದ್ದಕ್ಕೇ ಸಹಿ. ನೋಡಿದ್ದಕ್ಕೇ ಸರ್ಟಿಫಿಕೇಟು. ಇದರ ಹೆಸರು ಕ್ಲಿನಿಕಲ್ ಟ್ರೇನಿಂಗು!

ಯಾವ ಆಸ್ಪತ್ರೆ ಅಂತ ಇಲ್ಲಿ ಬರೆಯೋದಿಲ್ಲ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯ ನಮ್ಮ ಮಕ್ಕಳು ಓದಲು ಎಲ್ಲೆಲ್ಲೋ ಚದುರಿಹೋಗಿದ್ದಾರೆ. ರಜೆಗೆ ಬಂದಾಗ ಹೇಳುವ ಕತೆ ಮಾತ್ರ ಒಂದೇ. ಒಬ್ಬರ ಹೆಸರು ಹಿಡಿದು ಬೈದರೆ ಉಳಿದವರು ನಿರಾಳವಾಗಿ ಮಲಗುತ್ತಾರೆ. ಇನ್ನು, ಕನ್ನಡ ಓದಿ ಬಿ.ಎ. ಆದ ನಿಮಗೆ ಮಷಿನಿನ ಉಸಾಬರಿ ಯಾಕೆ ಅನ್ನುವವರಿಗೆ ನಮ್ಮ ಉತ್ತರ ಇಷ್ಟೇ: ಆ ಟೇಬಲ್ ಮೇಲೆ ಮಲಗೋದು ನಮ್ಮ ಅವ್ವ, ನಮ್ಮ ಅಪ್ಪ.

ಬೆಟಗೇರಿಯ ನೇಕಾರರ ಓಣಿಗೆ ಹೋಗಿ ಕೇಳಿ. ವರ್ಷವಿಡೀ ನೂಲಿನ ಗಂಟು ಹೊತ್ತು, ಬಾಗಿಲಲ್ಲಿ ನಿಂತು ನೋಡಿ, ಸೀರೆ ನೇಯೋದು ಕಲಿತವರು ಯಾರಾದರೂ ಇದ್ದಾರಾ? ಮಗ್ಗದ ಕುಣಿಯೊಳಗೆ ಕಾಲಿಟ್ಟು, ಲಾಳಿ ಕೈಗೆ ಬಂದು, ಎಳೆ ಹರಿದು, ಹಿರಿಯರು ಬೈದು, ಮತ್ತೆ ಗಂಟು ಹಾಕಿದ ಮೇಲೇ ಕಸುಬು ಬಂತು. ಅಲ್ಲಿ ಎಳೆ ಹರಿದರೆ ನಷ್ಟ ಸೀರೆಯದು. ಇಲ್ಲಿ ಕಲಿಯದವನ ಕೈಗೆ ನಾಳೆ ಸಿಗುವುದು ಮನುಷ್ಯನ ತಲೆ.

ಲಕ್ವ ಹೊಡೆದ ಮನುಷ್ಯನನ್ನೇ ತಗೊಳ್ಳಿ. ಮಿದುಳಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆಯೋ, ನಾಳ ಒಡೆದು ರಕ್ತ ಸೋರಿದೆಯೋ, ಮುಖ ನೋಡಿ ಹೇಳೋಕಾಗೋಲ್ಲ. ಹೆಪ್ಪು ಕರಗಿಸುವ ಔಷಧಿಗೆ ಇರೋದು ಸುಮಾರು ನಾಲ್ಕೂವರೆ ತಾಸು. ಸೋರಿದವನಿಗೆ ಅದೇ ಔಷಧಿ ಕೊಟ್ಟರೆ ಜೀವಕ್ಕೇ ಕುತ್ತು. ಮುಂಡರಗಿ ಕಡೆಯ ಹಳ್ಳಿಯಲ್ಲಿ ಗಾಡಿ ಹುಡುಕಿ, ರೊಕ್ಕ ಹೊಂದಿಸಿ, ಗದಗ ಮುಟ್ಟುವುದರೊಳಗೆ ಅರ್ಧ ಹೊತ್ತು ದಾರಿಯಲ್ಲೇ ಹೋಗಿರುತ್ತೆ. ಉಳಿದ ಹೊತ್ತು ಟೆಕ್ನಾಲಜಿಸ್ಟನ ಕೈಯಲ್ಲಿ. ಅವನ ಕೈ ನಡುಗಿದರೆ, ತಲೆ ಸೊಟ್ಟಗೆ ಮಲಗಿಸಿದರೆ, ಚಿತ್ರ ಮಸುಕಾದರೆ? 2015ರಲ್ಲಿ ಗದಗಿಗೆ ಸರ್ಕಾರಿ ಮೆಡಿಕಲ್ ಕಾಲೇಜು ಬಂತು, ಸಂತೋಷ. ಜಿಲ್ಲೆಗೆ ಡಾಕ್ಟರು ಎಷ್ಟು ಬೇಕು ಅಂತ ಎಲ್ಲರೂ ಲೆಕ್ಕ ಹಾಕ್ತಾರೆ. ಡಾಕ್ಟರು ನೋಡುವ ಚಿತ್ರ ತೆಗೆಯುವವರನ್ನು ತಯಾರು ಮಾಡೋ ಲೆಕ್ಕ ಯಾರ ಪುಸ್ತಕದಲ್ಲಿದೆ?

ಗುಂಡಿ ಒತ್ತಿದರೆ ಚಿತ್ರ ಬರುತ್ತೆ ಅನ್ನೋದು ಬಡಾಯಿ. ಬೆಳಿಗ್ಗೆ ನೀರು ತುಂಬಿದ ಫ್ಯಾಂಟಮ್ ಇಟ್ಟು ಅಳೆಯಬೇಕು, ನೀರಿನ ಲೆಕ್ಕ ಸೊನ್ನೆಯ ಹತ್ತಿರವೇ ಬರಬೇಕು. ಬರದಿದ್ದರೆ ಅವತ್ತು ಆ ಮಷಿನು ಹೇಳೋದನ್ನೆಲ್ಲ ನಂಬೋ ಹಾಗಿಲ್ಲ. ನರಕ್ಕೆ ಕಾಂಟ್ರಾಸ್ಟ್ ಔಷಧಿ ಏರಿಸುವ ಮುನ್ನ ಕ್ರಿಯೆಟಿನಿನ್ ಎಷ್ಟು, ಸಕ್ಕರೆ ಕಾಯಿಲೆಯ ಗುಳಿಗೆ ಯಾವುದು, ಹಿಂದೆ ಮೈ ಕೆರೆತ ಉಬ್ಬಸ ಬಂದಿತ್ತಾ ಅಂತ ಕೇಳಬೇಕು. ಮಗುವಿಗೆ ದೊಡ್ಡವರ ಲೆಕ್ಕದ ಕಿರಣ ಬಿಡಬಾರದು. ಹೊಟ್ಟೆಯ ಒಂದು ಸಿ.ಟಿ. ಅಂದರೆ ಎದೆಯ ನೂರಾರು ಎಕ್ಸರೇಗೆ ಸಮ. ಅಮೆರಿಕದ ಲಾಸ್ ಏಂಜಲೀಸ್‌ನ ಸೆಡಾರ್ಸ್-ಸೈನಾಯ್ ಎಂಬ ದೊಡ್ಡ ಆಸ್ಪತ್ರೆಯಲ್ಲಿ 18 ತಿಂಗಳ ಕಾಲ 200ಕ್ಕೂ ಹೆಚ್ಚು ರೋಗಿಗಳ ತಲೆಗೆ ಎಂಟು ಪಟ್ಟು ಕಿರಣ ಬಿಟ್ಟದ್ದು 2009ರಲ್ಲಿ ಹೊರಗೆ ಬಂತು. ಕೆಲವರ ಕೂದಲು ಉದುರಿದವು. ಡೋಸು ಎಷ್ಟು ಅಂತ ಪರದೆಯ ಮೇಲೇ ಬರುತ್ತಿತ್ತು, ಗೆಳೆಯರೇ. ಓದಿದವರಿರಲಿಲ್ಲ. ಆ ಅಂಕಿ ಓದೋದನ್ನು ಕನ್ಸೋಲ್ ಮುಂದೆ ಕೂರಿಸದೆ ಕಲಿಸೋದು ಹೇಗೆ?

ಈಗ ಉರಿಯುವ ಮಾತಿಗೆ ಬರೋಣ. ಒಂದೇ ಬ್ಯಾಚಿನ ಮಕ್ಕಳಲ್ಲಿ ಯಾರು ಸ್ಟ್ರೆಚರಿನ ಹತ್ತಿರ, ಯಾರು ಕುರ್ಚಿಯ ಹತ್ತಿರ? ಯಾರೂ ಜಾತಿ ಕೇಳಿ ನಿಲ್ಲಿಸೋದಿಲ್ಲ, ನಿಜ. ಕೇಳುವ ಅಗತ್ಯವೇ ಬೀಳೋದಿಲ್ಲ. ಯಾವ ಹಾಸ್ಟೆಲು, ಅಪ್ಪ ಏನು ಮಾಡ್ತಾನೆ, ಇಂಗ್ಲಿಷು ಬರುತ್ತಾ? ಇಷ್ಟರಲ್ಲೇ ಲೆಕ್ಕ ಮುಗಿಯುತ್ತೆ. ಸತ್ತ ದನ ಎತ್ತಿದವರು, ಚರಂಡಿಗೆ ಇಳಿದವರು ಯಾರ ಮನೆಯವರೋ ಅವರ ಮಕ್ಕಳೇ ಎ.ಸಿ. ಕೋಣೆಯೊಳಗೂ ಹೇಲು ಉಚ್ಚೆ ಬಳಿಯಬೇಕು. ಪಂಚಾಂಗ ಹೋಗಿ ಕಂಪ್ಯೂಟರ್ ಬಂತು, ಕೆಲಸದ ಹಂಚಿಕೆ ಹಾಗೇ ಉಳಿಯಿತು.

ಮೈ ಮುಟ್ಟೋದು ಕೀಳು ಅಂತ ನಾವು ಹೇಳ್ತಿಲ್ಲ. ಬೆನ್ನುಮೂಳೆ ಮುರಿದವನನ್ನು ಅಲ್ಲಾಡಿಸದೆ ಟೇಬಲಿಗೆ ತರೋದು ಶಾಸ್ತ್ರ. ಗ್ಯಾಂಟ್ರಿಯ ನಟ್ಟನಡುವೆ ಮೈ ಕೂರಿಸದಿದ್ದರೆ ಡೋಸಿನ ಲೆಕ್ಕವೂ ಕೆಡುತ್ತೆ, ಚಿತ್ರವೂ ಕೆಡುತ್ತೆ. ಅದಕ್ಕೇ ಕೇಳ್ತಿರೋದು: ಮೈ ಬಲ್ಲವನಿಗೆ ಮಷಿನು ಯಾಕಿಲ್ಲ? ಮಷಿನು ಬಲ್ಲವನು ಮೈ ಮುಟ್ಟಲು ಯಾಕೆ ಹೇಸುತ್ತಾನೆ?

ಇಂಗ್ಲಿಷಿನ ಮಾತು ಬಂತಲ್ಲ. ಎದೆ ಹೊಟ್ಟೆಯ ಸ್ಕ್ಯಾನಿಗೆ ಉಸಿರು ಹಿಡಿಯಬೇಕು. ಮಷಿನಿನೊಳಗಿಂದ ಒಂದು ದನಿ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಅಪ್ಪಣೆ ಕೊಡುತ್ತೆ. ಶಿರಹಟ್ಟಿ ಕಡೆಯ ಮುದುಕಿ ಗಾಬರಿಯಾಗಿ 'ಏನಂದ್ರಿ ಯಪ್ಪಾ' ಅಂತ ತಲೆ ಎತ್ತುತ್ತಾಳೆ. ಚಿತ್ರ ಕೆಟ್ಟಿತು. ಮತ್ತೊಮ್ಮೆ ಸ್ಕ್ಯಾನು, ಮತ್ತೊಮ್ಮೆ ಕಿರಣ. 'ಯವ್ವಾ, ಉಸಿರು ಒಳಗ ಜಗ್ಗು, ಹಂಗ ಹಿಡಿ, ಅಲ್ಲಾಡಬ್ಯಾಡ... ಹೂಂ, ಈಗ ಬಿಡು' ಅನ್ನಲು ಬರುವವನು ಹೊರಗೆ ಸ್ಟ್ರೆಚರ್ ಹಿಡಿದು ನಿಂತಿದ್ದಾನೆ! ಲಕ್ಷ್ಮೇಶ್ವರದ ಹಳೆ ಹೆಸರು ಪುಲಿಗೆರೆ. ತಿರುಳ್ಗನ್ನಡದ ಸೀಮೆ ಗುರುತಿಸುವಾಗ ಕವಿರಾಜಮಾರ್ಗ ಹೆಸರಿಸಿದ ನಾಲ್ಕು ಊರುಗಳಲ್ಲಿ ಅದೂ ಒಂದು. ಆ ಸೀಮೆಯ ಮಾತು ಸನ್ಮಾನದ ವೇದಿಕೆಗೆ ಬೇಕು, ಸ್ಕ್ಯಾನಿನ ಕೋಣೆಗೆ ಬೇಡವಂತೆ. ಬಹಳ ಮಷಿನುಗಳಲ್ಲಿ ಬೇಕಾದ ದನಿಯನ್ನು ರೆಕಾರ್ಡ್ ಮಾಡಿ ಹಾಕಲು ಬರುತ್ತೆ. ಇದನ್ನು ಟ್ರೇನಿಂಗಿನ ಮೊದಲ ಪಾಠ ಮಾಡಲಿ.

ಮೈ ಅಂದರೆ ರೋಗಿಯದಷ್ಟೇ ಅಲ್ಲ, ಕಲಿಯುವವನದೂ ಹೌದು. ಒದ್ದಾಡುವ ರೋಗಿಯನ್ನು ಹಿಡಿದುಕೊಳ್ಳಲು ಯಾರನ್ನು ಒಳಗೆ ಕಳಿಸುತ್ತಾರೆ? ಮೊನ್ನೆ ಸೇರಿದ ಹುಡುಗನನ್ನು. ಅವನ ಎದೆ ಮೇಲೆ ಟಿ.ಎಲ್.ಡಿ. ಬ್ಯಾಡ್ಜು ಇದೆಯಾ? ಮೂರು ತಿಂಗಳಿಗೊಮ್ಮೆ ಅದನ್ನು ಕಳಿಸಿ ಓದಿಸಿ, ಬಂದ ಅಂಕಿ ಅವನಿಗೆ ತೋರಿಸಿದ್ದಾರಾ? 16 ತುಂಬದವರನ್ನು ಕಿರಣದ ಕೆಲಸದ ಕಲಿಕೆಗೆ ತಗೋಬಾರದು, 18 ತುಂಬದವರನ್ನು ಕೆಲಸಗಾರನಾಗಿ ದುಡಿಸಬಾರದು ಅಂತ 2004ರ ವಿಕಿರಣ ರಕ್ಷಣಾ ನಿಯಮಗಳೇ ಹೇಳಿದವು. 16ರಿಂದ 18ರೊಳಗಿನ ಕಲಿಯುವವರಿಗೆ ವರ್ಷಕ್ಕೆ 6 ಮಿಲಿಸೀವರ್ಟ್ ಮಿತಿ ಇಟ್ಟದ್ದು ಪರಮಾಣು ಶಕ್ತಿ ನಿಯಂತ್ರಣ ಮಂಡಳಿ. ಬ್ಯಾಡ್ಜೇ ಇಲ್ಲದವನ ಮಿತಿ ಅಳೆಯೋದು ಯಾವ ಮೊಳಕೋಲಿನಿಂದ?

ರಾತ್ರಿಯದು ಇನ್ನೊಂದು ಗೋಳು. ಹುಬ್ಬಳ್ಳಿ ಗದಗ ಕೊಪ್ಪಳದ ಹೆದ್ದಾರಿಯಲ್ಲಿ ತಲೆ ಒಡೆದುಕೊಂಡವರು ಹಗಲು ನೋಡಿ ಬರೋದಿಲ್ಲ. ತುರ್ತು ಸ್ಕ್ಯಾನು ಕಲಿಯೋದು ರಾತ್ರಿ ಪಾಳಿಯಲ್ಲೇ. ಹಾಸ್ಟೆಲ್ ಗೇಟಿಗೆ ಹೊತ್ತಿಗೆ ಸರಿಯಾಗಿ ಬೀಗ. ಹುಡುಗಿಯರಂತೂ ಹಗಲು ಪಾಳಿಗಷ್ಟೇ ಸಾಕು ಅಂತ ದೊಡ್ಡವರು ತೀರ್ಮಾನಿಸಿಬಿಡ್ತಾರೆ. ಆಮೇಲೆ ಕೆಲಸದ ಸಂದರ್ಶನದಲ್ಲಿ 'ಎಮರ್ಜೆನ್ಸಿ ಅನುಭವ ಇದೆಯಾ' ಅಂತ ಕೇಳ್ತಾರೆ. ಕಾಲೇಜು ಒಂದು ಪತ್ರ ಬರೆದು, ವಾರ್ಡನ್ನು ಅದಕ್ಕೊಂದು ಸಹಿ ಹಾಕಿ, ಬರಲು ಹೋಗಲು ಗಾಡಿ ಕೊಟ್ಟರೆ ಮುಗಿಯುವ ಕೆಲಸ ಇದು.

ಕೋಟಿಗಟ್ಟಲೆ ಬೆಲೆಯ ಮಷಿನು, ಹುಡುಗರು ಕೆಡಿಸಿದರೆ? ಅನ್ನುತ್ತಾರೆ. ಸ್ವಾಮಿ, ಒಂಟಿಯಾಗಿ ಕಿರಣ ಬಿಡುವ ಹಕ್ಕನ್ನು ನಾವು ಕೇಳಿಲ್ಲ. ಮೊದಲು ಫ್ಯಾಂಟಮ್ ಮೇಲೆ ಕೈ ಪಳಗಲಿ, ಆಮೇಲೆ ಹಿರಿಯ ಟೆಕ್ನಾಲಜಿಸ್ಟ್ ಪಕ್ಕದಲ್ಲಿ ಕೂತು ಮಾಡಿಸಲಿ. ಆ ಹಿರಿಯನೂ ನಮ್ಮ ವೈರಿಯಲ್ಲ. ಹೊರಗೆ ಸಾಲು ನಿಂತಿರುವಾಗ ಒಬ್ಬನೇ ಮನುಷ್ಯ ಕಲಿಸುವುದೆಲ್ಲಿಂದ ಬಂತು? ಕಲಿಸುವ ತಾಸನ್ನು ಅವನ ಕೆಲಸದ ತಾಸು ಅಂತ ಎಣಿಸಿ, ಇನ್ನೊಬ್ಬನನ್ನು ನೇಮಿಸಿ. ಈ ಮಷಿನನ್ನು ಮಾಡಿದ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಇಂಗ್ಲೆಂಡಿನ ಒಕ್ಕಲಿನ ಮನೆಯವನು, ವಿಶ್ವವಿದ್ಯಾಲಯದ ಡಿಗ್ರಿ ಇರಲಿಲ್ಲ. 1971ರಲ್ಲಿ ಲಂಡನ್ನಿನ ಒಂದು ಆಸ್ಪತ್ರೆಯಲ್ಲಿ ಮೊದಲ ರೋಗಿಯ ತಲೆ ಸ್ಕ್ಯಾನ್ ಆಯಿತು, 1979ರಲ್ಲಿ ಅವನಿಗೆ ನೊಬೆಲ್ ಬಂತು. ಹುಡುಗನಾಗಿದ್ದಾಗ ಹೊಲದ ಯಂತ್ರಗಳನ್ನು ಮುಟ್ಟಬೇಡ ಅಂತ ಕೈ ಕಟ್ಟಿ ನಿಲ್ಲಿಸಿದ್ದರೆ ಏನಾಗುತ್ತಿತ್ತೋ.

2021ರ ಅಲೈಡ್ ಹೆಲ್ತ್ ಕಾಯಿದೆ ಈ ಕೋರ್ಸುಗಳಿಗೆ ಕಡಿಮೆ ಅಂದರೂ 2000 ತಾಸಿನ ಓದು ಇರಬೇಕು ಅನ್ನುತ್ತೆ. ನಮ್ಮವರ ಆ ತಾಸುಗಳಲ್ಲಿ ಸ್ಟ್ರೆಚರಿಗೆ ಹೋದದ್ದೆಷ್ಟು, ಚಹಾಕ್ಕೆ ಹೋದದ್ದೆಷ್ಟು? ಪೋಸ್ಟಿಂಗ್‌ನಲ್ಲಿರುವ ಗೆಳೆಯರು ಇವತ್ತೇ ನಾಲ್ಕಾಣೆಯ ನೋಟ್‌ಬುಕ್ಕಾದರೂ ಸರಿ, ಒಂದು ತೆಗೆದಿಡಿ. ನೋಡಿದ್ದು, ಕೈಹಿಡಿದು ಮಾಡಿಸಿದ್ದು, ತಾನೇ ಮಾಡಿದ್ದು ಅಂತ ಮೂರು ಗೆರೆ ಎಳೆಯಿರಿ. ದಿನವೂ ತುಂಬಿ. ಮೂರನೇ ಸಾಲು ಖಾಲಿ ಇದ್ದರೆ ಖಾಲಿ ಅಂತಲೇ ಬರೆಯಿರಿ. ಕಾಲೇಜಿನ ಲಾಗ್‌ಬುಕ್ಕಿಗೆ ಸುಳ್ಳು ಸಹಿ ಹಾಕಿಸಿಕೊಳ್ಳಬೇಡಿ. ಮುಂದಿನ ಸಭೆಗೆ ಆ ನೋಟ್‌ಬುಕ್ಕು ತನ್ನಿ. ಎಲ್ಲರದನ್ನೂ ಕೂಡಿಸಿ, ಪ್ರಿನ್ಸಿಪಾಲರ ಟೇಬಲ್ ಮೇಲೆ ಇಟ್ಟು ಬರೋಣ.