ಪದವಿಗೆ ಊರ ಹತ್ತಿರದ ಕಾಲೇಜೋ, ನಗರದ ವಿಶ್ವವಿದ್ಯಾಲಯವೋ?

ಬಸವಕಲ್ಯಾಣ, ಹುಮನಾಬಾದ್ ಭಾಗದ ಶ್ರಾವಕರ ಮನೆಗಳಲ್ಲಿ ಪಿಯುಸಿ ಫಲಿತಾಂಶ ಬಂದೊಡನೆ ಇದೇ ಚರ್ಚೆ. ಮೋರಖಂಡಿಯಂಥ ಊರಿನ ಮಕ್ಕಳು ಬಸವಕಲ್ಯಾಣದಲ್ಲೇ ಓದಬೇಕೋ, ಕಲಬುರಗಿ, ಬೆಂಗಳೂರಿಗೆ ಹೋಗಬೇಕೋ?

ಮೊದಲು ತಿಳಿಯಬೇಕಾದ ಮಾತೊಂದಿದೆ. ಸಂಯೋಜಿತ ಕಾಲೇಜಿನ ಪಠ್ಯ, ಪರೀಕ್ಷೆ, ಪದವಿಪತ್ರ ಎಲ್ಲವೂ ವಿಶ್ವವಿದ್ಯಾಲಯದ್ದೇ. ತಾಲ್ಲೂಕಿನ ಕಾಲೇಜಿನಲ್ಲಿ ಓದಿದ ಬಿ.ಕಾಂ.ಗೂ ಜಿಲ್ಲಾ ಕೇಂದ್ರದ ಬಿ.ಕಾಂ.ಗೂ ಪದವಿಪತ್ರದಲ್ಲಿ ಭೇದವಿಲ್ಲ. ಮೊದಲು ಈ ಜಿಲ್ಲೆಯ ಕಾಲೇಜುಗಳು 1980ರಲ್ಲಿ ಆರಂಭವಾದ ಗುಲಬರ್ಗಾ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. 2023ರಲ್ಲಿ ಭಾಲ್ಕಿ ತಾಲ್ಲೂಕಿನ ಹಾಲಹಳ್ಳಿಯಲ್ಲಿ ಬೀದರ್ ವಿಶ್ವವಿದ್ಯಾಲಯ ಬಂತು. 2025ರ ಫೆಬ್ರುವರಿಯಲ್ಲಿ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತು ಸಂಪುಟ ಉಪಸಮಿತಿಯಲ್ಲಿ ಬಂದಾಗಲೂ, ಸಂಯೋಜಿತ ಕಾಲೇಜುಗಳು ಹೆಚ್ಚಿರುವ ಬೀದರ್ ಆ ಪಟ್ಟಿಯಲ್ಲಿರಲಿಲ್ಲ.

ಭೇದ ಇರುವುದು ಉಪನ್ಯಾಸಕರಲ್ಲಿ, ಪ್ರಯೋಗಾಲಯದಲ್ಲಿ, ಗ್ರಂಥಾಲಯದಲ್ಲಿ. ಆದ್ದರಿಂದ ಕಾಲೇಜಿನ ಹೆಸರು ಕೇಳುವ ಮೊದಲು ಮೂರು ಪ್ರಶ್ನೆ ಕೇಳಬೇಕು: ಆ ವಿಷಯಕ್ಕೆ ಕಾಯಂ ಉಪನ್ಯಾಸಕರಿದ್ದಾರೆಯೇ? ಪ್ರಯೋಗಾಲಯ ನಡೆಯುತ್ತಿದೆಯೇ? ನ್ಯಾಕ್ ಮಾನ್ಯತೆ ಇದೆಯೇ? ಬಿ.ಎ., ಬಿ.ಕಾಂ. ಓದುತ್ತ ಅಂಗಡಿಯ ಲೆಕ್ಕ ಕಲಿಯುವವರಿಗೆ ಹತ್ತಿರದ ಕಾಲೇಜು ಸಾಕಾಗಬಹುದು. ವಿಜ್ಞಾನ, ಎಂಜಿನಿಯರಿಂಗ್, ಸಿ.ಎ. ಗುರಿ ಇದ್ದವರಿಗೆ ನಗರವೇ ಅನುಕೂಲ.

ಖರ್ಚಿನ ಲೆಕ್ಕವೂ ಇದೆ. ನಗರದಲ್ಲಿ ಶುಲ್ಕಕ್ಕಿಂತ ವಸತಿ, ಊಟವೇ ಭಾರ. ಸೂರ್ಯಾಸ್ತಕ್ಕೆ ಮೊದಲು ಊಟ, ಕಂದಮೂಲ ವರ್ಜ್ಯ ಎಂಬ ನಿಯಮ ಎಲ್ಲ ಹಾಸ್ಟೆಲಿನಲ್ಲೂ ನಡೆಯದು. ಇದನ್ನು ಪ್ರವೇಶಕ್ಕೆ ಮೊದಲೇ ವಿಚಾರಿಸಬೇಕು. ಜೈನರು 2014ರಿಂದ ರಾಷ್ಟ್ರೀಯ ಅಲ್ಪಸಂಖ್ಯಾತರು. ವಿದ್ಯಾರ್ಥಿವೇತನಕ್ಕೆ, ವೃತ್ತಿಶಿಕ್ಷಣವಾದರೆ ಅರಿವು ಸಾಲಕ್ಕೆ ಅರ್ಜಿ ಹಾಕಬಹುದು. 371(ಜೆ) ಪ್ರಮಾಣಪತ್ರವನ್ನೂ ಮಾಡಿಸಿಡಬೇಕು. ಅದರಡಿ ಕಲ್ಯಾಣ ಕರ್ನಾಟಕದ ಸಂಸ್ಥೆಗಳಲ್ಲಿ ಶೇ. 70, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ. 8 ಸೀಟು ಈ ಭಾಗದವರಿಗೆ ಮೀಸಲು.

ಕೊನೆಗೆ ಒಂದು ಕಹಿ ಮಾತು. ಎಷ್ಟೋ ಮನೆಗಳಲ್ಲಿ ಮಗನಿಗೆ ನಗರ, ಮಗಳಿಗೆ ಹತ್ತಿರದ ಕಾಲೇಜು ಎಂದು ಅಂಕಪಟ್ಟಿ ನೋಡುವ ಮೊದಲೇ ತೀರ್ಮಾನವಾಗಿರುತ್ತದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸಿನ ಪ್ರಯಾಣ ಹೆಣ್ಣುಮಕ್ಕಳಿಗೆ ಉಚಿತ. ಬಸ್ ಚಾರ್ಜಿನ ನೆಪ ಈಗ ಇಲ್ಲ. ಮಗಳ ಅಂಕ, ಮಗಳ ಆಸೆಯನ್ನೂ ಮಗನದರಷ್ಟೇ ಗಮನಿಸಿ ಹಿರಿಯರು ತೀರ್ಮಾನಿಸಲಿ.